ಹಿಂದಕ್ಕೆ ತಿರುಗಿದ ಚಟ್ಟ

ಕೋವಿಡ್ ಮುಗಿದ ಮೇಲಿನ ಎರಡನೆಯ ಚಳಿಗಾಲ. ನಾನಾಗ ಅಹಮದಾಬಾದಿನ ವಟ್ವಾ ಕೈಗಾರಿಕಾ ವಸಾಹತಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೆ. ನಾವು ಮಾಡುತ್ತಿದ್ದದ್ದು ಡೈ ಇಂಟರ್‌ಮೀಡಿಯೆಟ್, ಅಂದರೆ ಬಟ್ಟೆಗೆ ಹಾಕುವ ಬಣ್ಣಕ್ಕೆ ಮೂಲವಾಗುವ ವಸ್ತು. ಮಾಲು ವಡೋದರಾದ ಮತ್ತು ಸೂರತ್ತಿನ ಹತ್ತಿರದ ಸಚಿನ್ ಎಂಬ ಊರಿನ ಬಣ್ಣದ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಆ ಕಾರ್ಖಾನೆಯನ್ನು ಕಟ್ಟಿದವರು ಕಾಂತಿಭಾಯಿ. ಅವರು ತೀರಿಕೊಂಡ ದಿನ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನೀಗ ನಿವೃತ್ತ. ಬರೆಯಲು ಇಷ್ಟು ಕಾಲ ಬೇಕಾಯಿತು.

ನಾನು ಗದಗಿನವನು. ಅಪ್ಪನಿಗೆ ಬ್ಯಾಂಕಿನಿಂದ ಅಹಮದಾಬಾದಿಗೆ ವರ್ಗವಾದಾಗ ನಾನು ಬಿ.ಎಸ್ಸಿ. ಮುಗಿಸಿ ಅವರ ಹಿಂದೆ ಬಂದೆ. ಅಪ್ಪ ನಿವೃತ್ತರಾಗಿ ಊರಿಗೆ ಮರಳಿದರು, ನಾನು ಇಲ್ಲೇ ಉಳಿದೆ. ಉಳಿಸಿಕೊಂಡವರು ಕಾಂತಿಭಾಯಿ. ಶ್ರೀಪಾದ ಎಂಬ ನನ್ನ ಹೆಸರು ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ‘ಏ ಕರ್ನಾಟಕ’ ಎಂದೇ ಕರೆಯುತ್ತಿದ್ದರು. ಬ್ಯಾಚು ಚೆನ್ನಾಗಿ ಬಂದರೆ ‘ಇವತ್ತು ಪೂರಾ ರಾಜ್ಯಕ್ಕ ಚಾ ಕೊಡ್ರಿ’ ಎನ್ನುತ್ತಿದ್ದರು, ಕೆಟ್ಟರೆ ‘ಕರ್ನಾಟಕದಾಗ ಭೂಕಂಪ ಆಗೇತಿ, ಯಾರೂ ಹತ್ರ ಹೋಗಬ್ಯಾಡ್ರಿ’ ಎನ್ನುತ್ತಿದ್ದರು. ಅವರು ಆಡುತ್ತಿದ್ದದ್ದು ಗುಜರಾತಿ. ಆದರೆ ಈಗ ನೆನಪಿಸಿಕೊಂಡರೆ ಅದು ನನಗೆ ನನ್ನೂರ ಕನ್ನಡದಲ್ಲೇ ಕೇಳಿಸುತ್ತದೆ. ಅಲ್ಲಿನ ಉಳಿದವರ ಮಾತನ್ನೂ ಹಾಗೇ ಬರೆಯುತ್ತೇನೆ.

ನಮ್ಮಪ್ಪ ತೀರಿಕೊಂಡಾಗ ಕಾಂತಿಭಾಯಿ ರೈಲು ಹಿಡಿದು ಗದಗಿಗೆ ಬಂದಿದ್ದರು. ಜೊತೆಗೆ ಒಂದು ಡಬ್ಬಿ ಥೇಪ್ಲಾ, ಅಂದರೆ ಮೆಂತೆ ಸೊಪ್ಪಿನ ತೆಳು ರೊಟ್ಟಿ, ಕಟ್ಟಿಸಿಕೊಂಡಿದ್ದರು. ಸಾವಿನ ಮನೆಯಲ್ಲಿ ತನಗಾಗಿ ಯಾರೂ ಒಲೆ ಹಚ್ಚಬಾರದು ಎಂದು. ನಮ್ಮ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಭಾಷೆ ಬಾರದ ನನ್ನ ಅವ್ವನ ಎದುರು ಮಾತಿಲ್ಲದೆ ಒಂದು ಹೊತ್ತು ಕಳೆದು ಹೋದರು. ‘ಆ ಗುಜರಾತಿ ಮನಶ್ಯಾ ಒಂದೂ ಮಾತಾಡಲಿಲ್ಲ, ಆದ್ರ ಬ್ಯಾರೆ ಯಾರೂ ಅಷ್ಟು ಸಮಾಧಾನ ಹೇಳಲಿಲ್ಲ’ ಎಂದು ಅವ್ವ ಆಮೇಲೂ ಹೇಳುತ್ತಿದ್ದಳು.

ಇನ್ನು ಆ ದಿನದ ವಿಷಯ. ಅದಕ್ಕೆ ಮೊದಲು ನಮ್ಮ ಎರಡನೇ ಶೆಡ್ಡಿನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಅಲ್ಲಿ ನಡೆಯುತ್ತಿದ್ದದ್ದು ನೈಟ್ರೇಷನ್. ದೊಡ್ಡ ಮುಚ್ಚಿದ ಪಾತ್ರೆಯಲ್ಲಿ ಎಣ್ಣೆಯಂಥ ಒಂದು ದ್ರವ ಇರುತ್ತದೆ. ಅದಕ್ಕೆ ಮೇಲಿನ ಟ್ಯಾಂಕಿನಿಂದ ಆಸಿಡ್ಡನ್ನು ಸಣ್ಣ ಧಾರೆಯಾಗಿ ಗಂಟೆಗಟ್ಟಲೆ ಬಿಡಬೇಕು. ಬಿಡುತ್ತಾ ಹೋದಂತೆ ಬಿಸಿ ಹುಟ್ಟುತ್ತದೆ. ಪಾತ್ರೆಯ ಹೊರಮೈ ಸುತ್ತ ತಣ್ಣನೆಯ ಉಪ್ಪುನೀರು ಹರಿಸಿ, ಒಳಗೆ ಸ್ಟರರ್, ಅಂದರೆ ಕದಡುವ ರೆಕ್ಕೆ, ಎಡೆಬಿಡದೆ ತಿರುಗಿಸಿ ಆ ಬಿಸಿಯನ್ನು ಹಿಡಿತದಲ್ಲಿಡಬೇಕು. ಸ್ಟರರ್ ನಿಂತರೆ ಬಿದ್ದ ಆಸಿಡ್ಡು ಬೆರೆಯದೆ ತಳದಲ್ಲಿ ಕೂರುತ್ತದೆ. ನಿಂತದ್ದು ಅಪಾಯ. ನಿಂತದ್ದನ್ನು ಮತ್ತೆ ಚಾಲೂ ಮಾಡುವುದು ಅದಕ್ಕಿಂತ ದೊಡ್ಡ ಅಪಾಯ. ಕೂತಿದ್ದ ಆಸಿಡ್ಡೆಲ್ಲ ಒಂದೇ ಸಲಕ್ಕೆ ಬೆರೆತು, ಗಂಟೆಗಳಲ್ಲಿ ಹುಟ್ಟಬೇಕಾದ ಬಿಸಿ ಕ್ಷಣದಲ್ಲಿ ಹುಟ್ಟಿ ಪಾತ್ರೆ ಸಿಡಿಯಬಹುದು. ಕಾಂತಿಭಾಯಿ ಇದಕ್ಕೆ ಎರಡು ಕಟ್ಟುನಿಟ್ಟು ಮಾಡಿದ್ದರು. ನಿಂತ ಸ್ಟರರನ್ನು ಯಾರೂ ಮುಟ್ಟಬಾರದು. ಬಿಸಿ ಐವತ್ತು ಡಿಗ್ರಿಗೆ ಬಂದರೆ ಲಾಭ ನಷ್ಟ ನೋಡದೆ, ಪಾತ್ರೆಯಲ್ಲಿದ್ದುದನ್ನೆಲ್ಲ ಕೆಳಗಿನ ನೀರಿನ ತೊಟ್ಟಿಗೆ ಬಿಟ್ಟುಬಿಡಬೇಕು.

ಅವರು ಆಸ್ಪತ್ರೆಯಲ್ಲಿ ಬೆಳಗಿನ ಜಾವ ತೀರಿಕೊಂಡರು. ನಿಖಿಲ್‌ಭಾಯಿ, ಅವರ ಒಬ್ಬನೇ ಮಗ, ಫೋನ್ ಮಾಡಿದಾಗ ನಾನು ಕಾರ್ಖಾನೆಯಲ್ಲೇ ಇದ್ದೆ. ಎರಡನೇ ಶೆಡ್ಡಿನಲ್ಲಿ ಆಸಿಡ್ಡು ಬಿಡಲು ಶುರುಮಾಡಿ ಆಗಿತ್ತು.

‘ಎಲ್ಲಾ ಬಂದ್ ಮಾಡಸ್ರಿ ಶ್ರೀಪಾದಭಾಯಿ. ಪಪ್ಪಾನ್ನ ಗೇಟಿಗೆ ತರ್ತೀವಿ’ ಎಂದರು.

‘ಉಳಿದದ್ದೆಲ್ಲ ಬಂದ್ ಮಾಡ್ತೀನಿ. ಎರಡನೇ ಶೆಡ್ಡು ಆಗೋದಿಲ್ಲ. ಹತ್ತೂವರಿಗೆ ಮುಗೀತದ’ ಎಂದೆ.

‘ಹಂಗಾದ್ರ ನಾವು ಹನ್ನೊಂದಕ್ಕ ಬರ್ತೀವಿ’ ಎಂದು ಇಟ್ಟರು. ಅವರು ರಸಾಯನಶಾಸ್ತ್ರ ಓದಿದವರು, ಹೆಚ್ಚು ಹೇಳಬೇಕಾಗಿರಲಿಲ್ಲ.

ನಮ್ಮ ಸಾಲಿನ ಹಳೆಯ ಕಾರ್ಖಾನೆಗಳಲ್ಲಿ ಒಂದು ರೂಢಿ ಇತ್ತು. ಕಟ್ಟಿದ ಸೇಠ್ ತೀರಿಕೊಂಡರೆ ದೇಹವನ್ನು ಒಮ್ಮೆ ಗೇಟಿನ ಮುಂದೆ ತರುತ್ತಾರೆ. ಆ ಹೊತ್ತಿಗೆ ಯಂತ್ರಗಳೆಲ್ಲ ನಿಲ್ಲಬೇಕು. ಕೆಲಸಗಾರರು ಸಾಲಾಗಿ ನಿಂತು ಕೈಮುಗಿಯುತ್ತಾರೆ. ಕಾಂತಿಭಾಯಿಯ ಹೆಂಡತಿ ಹಂಸಾಬೆನ್, ನಾವೆಲ್ಲ ‘ಬಾ’ ಅನ್ನುತ್ತಿದ್ದೆವು, ಅಂದರೆ ಅಮ್ಮ, ಅವರಿಗೆ ಈ ಗೇಟು ಇನ್ನೊಂದು ಕಾರಣಕ್ಕೆ ಮುಖ್ಯವಾಗಿತ್ತು. ಆ ಮನೆತನದಲ್ಲಿ ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಬಂಧುಬಳಗ ತುಂಬಿತ್ತು, ಅವರ ನಡುವೆ ಬಾ ಒಂದು ಗಳಿಗೆಯೂ ಗಂಡನ ಪಕ್ಕ ಕೂತಿರಲಿಲ್ಲ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಒಂದು ಬೆಂಚು ಇದೆ. ಕಾರ್ಖಾನೆ ಇನ್ನೂ ತಗಡಿನ ಗೂಡಾಗಿದ್ದಾಗ ಗಂಡ ಹೆಂಡತಿ ಅಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರಂತೆ. ‘ಅಲ್ಲಿ ಇಳಸ್ರಿ. ಸ್ವಲ್ಪ ಹೊತ್ತು ನಾನು ಅವರ ಹತ್ರ ಕೂಡ್ತೀನಿ. ಆಮ್ಯಾಲೆ ಒಯ್ಯಿರಿ’ ಎಂದು ಬಾ ಮಗನಿಗೆ ಹೇಳಿದ್ದರು. ಅವರು ಕೇಳಿದ್ದು ಇಷ್ಟೇ.

ಮಸಣದಲ್ಲಿ ಗೊತ್ತಾದ ಹೊತ್ತು ಬದಲಾಗಿ ಮೆರವಣಿಗೆ ಹನ್ನೊಂದರ ಬದಲು ಹತ್ತಕ್ಕೂ ಮೊದಲೇ ಬಂತು. ನನಗೆ ಫೋನ್ ಬಂದಾಗ ದೇಹ ತರುತ್ತಿದ್ದ ವ್ಯಾನು ಆಗಲೇ ನಮ್ಮ ರಸ್ತೆಯ ಪಡುವಣ ಮೂಲೆಗೆ ಬಂದಿತ್ತು. ಪರವಾಗಿಲ್ಲ, ಒಂದು ಶೆಡ್ಡು ಓಡುತ್ತಿರಲಿ, ಬಾಗಿಲು ಹಾಕಿದರೆ ಸದ್ದು ಹೊರಗೆ ಅಷ್ಟು ಬರುವುದಿಲ್ಲ ಎಂದುಕೊಂಡೆ. ಶೆಡ್ಡಿನ ಆಪರೇಟರ್ ದಶರಥನಿಗೆ ‘ನೀನು ಜಾಗ ಬಿಡಬ್ಯಾಡ’ ಎಂದು ಹೇಳಿ ಹೊರಗೆ ಹೋಗಿ, ವ್ಯಾನಿನಿಂದ ಇಳಿಸಿದ ಚಟ್ಟಕ್ಕೆ ಹೆಗಲು ಕೊಟ್ಟೆ.

ರಸ್ತೆ ತುಂಬ ಜನ. ಅಕ್ಕಪಕ್ಕದ ಕಾರ್ಖಾನೆಯವರು, ಟೆಂಪೊ ಡ್ರೈವರುಗಳು, ಚಹಾದವರು, ನಿವೃತ್ತರಾದ ನಮ್ಮ ಹಳೆಯ ಆಳುಗಳು, ಎಲ್ಲ ಸೇರಿ ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ಮುಂದೆ ನಿಖಿಲ್‌ಭಾಯಿ, ಕೈಯಲ್ಲಿ ಕೆಂಡದ ಮಡಕೆ. ಬಾ ಕಾರಿನಿಂದ ಇಳಿದು ಬೇವಿನ ಮರದ ಕಡೆ ನಡೆಯುತ್ತಿದ್ದರು. ‘ರಾಮ್ ಬೋಲೋ ಭಾಯಿ ರಾಮ್’ ಎಂದು ಹೇಳುತ್ತಾ ನಾವು ಗೇಟಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಸದ್ದು ನಿಂತಿತು.

ಜನರ ಸದ್ದಲ್ಲ. ಎರಡನೇ ಶೆಡ್ಡಿನ ಗುಂಯ್ ಎನ್ನುವ ದನಿ. ಇಷ್ಟು ವರ್ಷ ಅದರ ಪಕ್ಕದಲ್ಲೇ ಇದ್ದವನಿಗೆ ಅದು ಕೇಳಿಸುತ್ತಿರಲಿಲ್ಲ, ನಿಂತಾಗ ಮಾತ್ರ ಕೇಳಿಸಿತು. ಸುತ್ತಲಿನವರು ಇದು ಗೌರವದ ಮೌನ ಎಂದು ತಲೆ ತಗ್ಗಿಸಿದರು. ಯಾರೋ ಕಣ್ಣೊರೆಸಿಕೊಂಡರು. ನಾನು ಪಕ್ಕದವನಿಗೆ ಹೆಗಲು ದಾಟಿಸಿ ಓಡಿದೆ.

ನಡೆದದ್ದು ಇಷ್ಟು. ಕಾಂತಿಭಾಯಿಯ ತಮ್ಮ ರಸಿಕ್‌ಕಾಕಾ ಸೂರತ್ತಿನಲ್ಲಿ ಇರುತ್ತಿದ್ದರು. ಮಾರಾಟವೆಲ್ಲ ಅವರದು, ಉತ್ಪಾದನೆಯ ಕಡೆ ಅವರು ಕಾಲಿಟ್ಟವರಲ್ಲ. ಸುದ್ದಿ ಕೇಳಿ ಕಾರು ಹತ್ತಿದವರು ವಡೋದರಾ ದಾಟಿದಾಗ ಮೆರವಣಿಗೆ ಹೊರಟಿದೆ ಎಂದು ತಿಳಿದು, ಮನೆಗೆ ಹೋಗದೆ ನೇರ ಕಾರ್ಖಾನೆಗೆ ಬಂದಿದ್ದರು. ಅಣ್ಣನ ಚಟ್ಟ ಬರುತ್ತಿದೆ, ಒಳಗೆ ಯಂತ್ರ ಓಡುತ್ತಿದೆ. ಅವರಿಗೆ ತಡೆಯಲಾಗಲಿಲ್ಲ. ‘ಅಣ್ಣ ಬಾಗಲಿಗೆ ಬಂದಾನ, ನಿಮಗ ಇನ್ನೂ ಮಾಲು ಬೇಕೇನು?’ ಎಂದು ಎಲೆಕ್ಟ್ರಿಷಿಯನ್ನನನ್ನು ಗದರಿಸಿ ಮೇನ್ ಸ್ವಿಚ್ಚು ಬಂದ್ ಮಾಡಿಸಿ ಗೇಟಿಗೆ ಹೋಗಿದ್ದರು. ಸ್ಟರರ್ ನಿಂತಿತು. ತಣ್ಣೀರಿನ ಪಂಪೂ ನಿಂತಿತು. ಕರೆಂಟು ಹೋದರೆ ತಾನೇ ಮುಚ್ಚಿಕೊಳ್ಳುವ ಆಸಿಡ್ಡಿನ ವಾಲ್ವು ಪೂರ್ತಿ ಮುಚ್ಚಿರಲಿಲ್ಲ, ಸಣ್ಣಗೆ ಸೋರುತ್ತಿತ್ತು.

ನಾನು ಒಳಗೆ ನುಗ್ಗುವಾಗ ದಶರಥ ಏಣಿ ಹತ್ತಿ ಆಸಿಡ್ಡಿನ ಕೈವಾಲ್ವು ತಿರುಗಿಸುತ್ತಿದ್ದ. ನಾನು ಓಡಿ ಬಂದದ್ದನ್ನು ಕಂಡ ಎಲೆಕ್ಟ್ರಿಷಿಯನ್ನನಿಗೆ ತಪ್ಪಾಗಿದೆ ಎಂದು ಹೊಳೆಯಿತು. ತಪ್ಪು ಸರಿಮಾಡಲು ಅವನ ಕೈ ಮೇನ್ ಸ್ವಿಚ್ಚಿನ ಮೇಲೆ ಹೋಯಿತು.

‘ಹಚ್ಚಬ್ಯಾಡ!’ ಎಂದು ಕನ್ನಡದಲ್ಲೇ ಕಿರುಚಿದೆ. ಅವನಿಗೆ ಕನ್ನಡ ಬರುವುದಿಲ್ಲ. ಆದರೆ ನಾನು ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಿದ್ದೆ.

ಮೊದಲು ಸ್ಟರರಿನ ಸ್ವಿಚ್ಚನ್ನು ಬೇರೆ ಮಾಡಿ ಅದಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಮೇನ್ ಹಾಕಿಸಿ ತಣ್ಣೀರಿನ ಪಂಪನ್ನು ಮಾತ್ರ ಓಡಿಸಿದೆ. ಥರ್ಮಾಮೀಟರು ನಲವತ್ತೊಂದು ತೋರಿಸುತ್ತಿತ್ತು. ಎಂದಿನ ಬಿಸಿ ಮೂವತ್ತಾರು. ಕದಡದೆ ಇದ್ದಾಗ ಹೊರಗಿನ ತಂಪು ಒಳಕ್ಕೆ ತಲುಪುವುದು ಬಹಳ ಕಡಿಮೆ. ಥರ್ಮಾಮೀಟರು ಹೇಳುವುದು ಕೂಡ ತನ್ನ ಸುತ್ತಲಿನ ಬಿಸಿಯನ್ನಷ್ಟೇ. ಆಸಿಡ್ಡು ಕೂತ ಜಾಗದಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ. ನೋಡುತ್ತಿದ್ದಂತೆ ನಲವತ್ತೆರಡಾಯಿತು, ನಲವತ್ತಮೂರಾಯಿತು.

‘ಬಿಡೋಣೇನ್ ಸಾಹೇಬ್?’ ಎಂದ ದಶರಥ. ಅವನ ಕೈ ತೊಟ್ಟಿಯ ವಾಲ್ವಿನ ಚಕ್ರದ ಮೇಲಿತ್ತು.

ಬಿಡಬೇಕಿತ್ತು. ಆದರೆ ಬಿಟ್ಟರೆ ತೊಟ್ಟಿಯಿಂದ ಕಂದು ಬಣ್ಣದ ವಿಷದ ಹೊಗೆ ಏಳುತ್ತದೆ. ಆ ತಿಂಗಳಲ್ಲಿ ಇಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಶೆಡ್ಡು ಇದ್ದದ್ದು ಈಶಾನ್ಯದ ಮೂಲೆಯಲ್ಲಿ, ಗೇಟು ಇದ್ದದ್ದು ಅದರ ಎದುರು ಮೂಲೆಯಲ್ಲಿ. ಹೊಗೆ ನೇರ ಹೋಗಿ ಇಳಿಯುವುದು ಆ ಮುನ್ನೂರು ಜನರ ಮೇಲೆ. ಬಿಡದೆ ಕಾದರೆ ಪಾತ್ರೆ ಸಿಡಿಯಬಹುದು, ಆಗಲೂ ಅದೇ ಜನ. ಮೊದಲು ಗೇಟು ಖಾಲಿಯಾಗಬೇಕು. ‘ನಾನು ಕೂಗೋತನಕ ತಡಿ. ಐವತ್ತಾದ್ರ ನನ್ನ ಕಾಯಬ್ಯಾಡ, ಬಿಟ್ಟು ಓಡು’ ಎಂದು ಹೇಳಿ ಹೊರಗೆ ಓಡಿದೆ.

ಚಟ್ಟವನ್ನು ಆಗಷ್ಟೇ ಬೇವಿನ ಮರದ ಕೆಳಗೆ ತಂದಿದ್ದರು. ಬೆಂಚಿನ ಮೇಲೆ ಇಳಿಸಿರಲಿಲ್ಲ. ಬಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

‘ನಿಖಿಲ್‌ಭಾಯಿ, ಎಲ್ಲಾರೂ ಈಗಿಂದೀಗ ಇಲ್ಲಿಂದ ಹೋಗಬೇಕು. ಬ್ಯಾಚು ಕೈಮೀರ್ತಾ ಐತಿ’ ಎಂದೆ.

ನಿಖಿಲ್‌ಭಾಯಿಗೆ ಅರ್ಥವಾಯಿತು. ಆದರೆ ಕೈಯಲ್ಲಿ ಮಡಕೆ. ಕೆಳಗಿಡುವಂತಿಲ್ಲ, ಓಡುವಂತಿಲ್ಲ. ಒಮ್ಮೆ ನನ್ನನ್ನು, ಒಮ್ಮೆ ತಾಯಿಯನ್ನು ನೋಡಿದರು.

ರಸಿಕ್‌ಕಾಕಾ ಮುಂದೆ ಬಂದರು. ‘ಏನೀಗ? ಐದು ನಿಮಿಷ ಯಂತ್ರ ನಿಲ್ಲಸಿದ್ದಕ್ಕ ಆಕಾಶ ಬೀಳತೈತೇನು? ನಮ್ಮಣ್ಣಗ ನಿಮ್ಮ ಹತ್ರ ಐದು ನಿಮಿಷ ಇಲ್ಲೇನು?’

‘ಕಾಕಾ, ಹೊಗಿ ಇತ್ತ ಕಡೆನ ಬರತೈತಿ. ಬಂದ ದಾರಿ ಹಿಡದು ಮೂಲಿ ದಾಟ್ರಿ. ಅಲ್ಲಿ ಗಾಳಿ ತಪ್ಪತೈತಿ.’

‘ಬಂದ ದಾರಿ?’ ಅವರ ದನಿ ಏರಿತು. ಮುಂದೆ ಮಸಣಕ್ಕೆ ಒಯ್ಯಲು ವ್ಯಾನು ಸುತ್ತು ಹಾಕಿ ಮೂಡಣದ ತುದಿಯಲ್ಲಿ, ನಮ್ಮ ಶೆಡ್ಡಿನ ಗೋಡೆಯಾಚೆ, ನಿಂತಿತ್ತು. ‘ಹೊತ್ತ ಚಟ್ಟಾನ ಯಾರರೆ ಹಿಂದಕ್ಕ ತಿರಗಸ್ತಾರೇನು? ಮನೀಕಡೆ ಮುಖ ಮಾಡಿಸಿ ಒಯ್ಯಬೇಕೇನು? ನೀ ನಮ್ಮವ ಅಲ್ಲ, ನಿನಗ ತಿಳ್ಯಾಂಗಿಲ್ಲ.’

ಆ ಮಾತು ತಾಗಿತು. ಗೇಟಿನ ಕೋಣೆಯಲ್ಲಿ ಕೈಯಿಂದ ತಿರುಗಿಸುವ ಸೈರನ್ ಇತ್ತು. ಕಾವಲಿನವನಿಗೆ ತಿರುಗಿಸು ಎಂದು ಸನ್ನೆ ಮಾಡಿದೆ. ಅವನು ಹಿಡಿಕೆ ಮುಟ್ಟಿದ, ಚಟ್ಟವನ್ನು ನೋಡಿದ, ಕೈ ತೆಗೆದ. ಜನರಲ್ಲಿ ಗುಸುಗುಸು ಶುರುವಾಯಿತು. ಯಾರೋ ಹಿಂದಿನಿಂದ ‘ಮ್ಯಾನೇಜರ್‌ಗ ತಲಿ ಕೆಟ್ಟೈತಿ’ ಎಂದರು.

ಆಗ ಬಾ ನನ್ನ ಹತ್ತಿರ ಬಂದರು. ‘ಎಷ್ಟೈತಿ?’ ಎಂದು ಕೇಳಿದರು.

ಮೊದಲು ನನಗೆ ತಿಳಿಯಲಿಲ್ಲ.

‘ಟೆಂಪರೇಚರ್ ಎಷ್ಟೈತಿ ಅಂದೆ.’

ಹಿಂದೆ, ತಣ್ಣೀರಿನ ಯಂತ್ರಕ್ಕೆ ದುಡ್ಡಿಲ್ಲದ ಕಾಲದಲ್ಲಿ, ಬಾ ಮಂಜುಗಡ್ಡೆಯ ಕಾರ್ಖಾನೆಯಿಂದ ಕೈಗಾಡಿಯಲ್ಲಿ ಗಡ್ಡೆ ತರಿಸಿ ಒಡೆದು ಪಾತ್ರೆಯ ಸುತ್ತ ಹಾಕುತ್ತಿದ್ದರು ಎಂದು ಕಾಂತಿಭಾಯಿ ಹೇಳುತ್ತಿದ್ದದ್ದು ಆಗ ನೆನಪಾಯಿತು.

‘ನಾ ಬರೋವಾಗ ನಲವತ್ತಮೂರಿತ್ತು ಬಾ. ಏರಾಕತ್ತೇತಿ. ಸ್ಟರರ್ ನಿಂತೈತಿ.’

‘ಹಚ್ಚಿಲ್ಲಲ್ಲ?’

‘ಇಲ್ಲ. ಬೀಗ ಹಾಕೀನಿ.’

‘ಐವತ್ತಕ್ಕ ಬಿಡಬೇಕು ಅನ್ನೋದು ಅವರ ಮಾತು. ನೀ ಇಲ್ಲಿ ಯಾಕ ನಿಂತೀ?’

‘ಗೇಟಿನಾಗ ಜನ ಅದಾರ ಬಾ. ನೀವೂ ಅದೀರಿ.’

ಬಾ ಒಮ್ಮೆ ಚಟ್ಟದ ಕಡೆ ನೋಡಿದರು. ಮುಖದ ಮೇಲೆ ಬಟ್ಟೆ ಇತ್ತು. ಬೆಂಚಿನ ಮೇಲೆ ಇಳಿಸಿದ ಮೇಲೆ ತೆಗೆಯಬೇಕು ಎಂದು ಮಾತಾಗಿತ್ತು. ಅವರ ಕೈ ಅಷ್ಟು ದೂರ ಹೋಯಿತು, ಬಟ್ಟೆಯನ್ನು ಮುಟ್ಟಲಿಲ್ಲ, ಬಿದಿರನ್ನು ಮುಟ್ಟಿ ಹಿಂದಕ್ಕೆ ಬಂತು. ಆಮೇಲೆ ಮೈದುನನ ಕಡೆ ತಿರುಗಿದರು.

‘ರಸಿಕ್, ಸೈರನ್ ಆದ್ರ ನಿಮ್ಮಣ್ಣ ಉಣ್ಣೋ ತಾಟು ಬಿಟ್ಟು ಎದ್ದು ಹೋಗ್ತಿದ್ರು. ಮದಿವಿ ಮನಿಯಿಂದ ಎದ್ದು ಹೋಗ್ಯಾರ. ಅರ್ಧ ದಾರಿಯಿಂದ ಎಷ್ಟು ಸಲ ಹಿಂದ ತಿರಿಗ್ಯಾರ, ನನಗ ಗೊತ್ತೈತಿ. ಇವತ್ತೂ ತಿರಗತಾರ. ತಿರಗಸ್ರಿ.’ ಮಗನ ಕಡೆ ನೋಡದೆ ‘ನಡಿ ದೀಕ್ರಾ, ಮಡಕಿ ಗಟ್ಟಿ ಹಿಡಿ’ ಎಂದರು. ಕಾವಲಿನವನಿಗೆ ‘ಏ, ಹೊಡಿಯೋ ಅದನ್ನ!’ ಎಂದು ಕೂಗಿದರು. ಅವರು ಹಾಗೆ ಕೂಗಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಸೈರನ್ ಎದ್ದಿತು. ಚಟ್ಟ ತಿರುಗಿತು. ಹೊತ್ತವರ ಕಾಲು ತಡವರಿಸಿ, ಒಂದು ಕಡೆ ಬಾಗಿ, ಮತ್ತೆ ಸಮವಾಯಿತು. ರಸಿಕ್‌ಕಾಕಾ ಯಾರಿಗೂ ಹೇಳದೆ ಹೋಗಿ ಮುಂದಿನ ಬಲಗಡೆಯ ಬಿದಿರಿಗೆ ಹೆಗಲು ಕೊಟ್ಟರು. ಜನ ಬಂದ ದಾರಿಯಲ್ಲೇ ಹಿಮ್ಮರಳಿದರು. ಬಾ ಕಾರು ಹತ್ತಲಿಲ್ಲ, ಜನರ ನಡುವೆ ನಡೆದೇ ಹೋದರು. ಕೊನೆಯ ಸಾಲು ಮೂಲೆ ತಿರುಗುವವರೆಗೆ ಕಾಯಲು ನನಗೆ ಧೈರ್ಯ ಸಾಲಲಿಲ್ಲ. ಶೆಡ್ಡಿಗೆ ಓಡಿದೆ. ದಶರಥ ಮುಖವಾಡ ಹಾಕಿಕೊಂಡು ಚಕ್ರದ ಮುಂದೆ ಕೂತಿದ್ದ. ‘ನಲವತ್ತೆಂಟು’ ಎಂದ. ನಾನೂ ಮುಖವಾಡ ಏರಿಸಿ, ಹೊರಗೆ ಇಣುಕಿ ರಸ್ತೆ ಖಾಲಿ ಇರುವುದನ್ನು ನೋಡಿ ಕೈ ಬೀಸಿದೆ. ಇಬ್ಬರೂ ಸೇರಿ ಚಕ್ರ ತಿರುಗಿಸಿದೆವು.

ತೊಟ್ಟಿ ಕುದಿಯಿತು. ಕಂದು ಹೊಗೆ ಶೆಡ್ಡಿನ ಬಾಯಿಂದ ಹೊರಟು, ಅಂಗಳ ದಾಟಿ, ಬೇವಿನ ಮರವನ್ನು ಮುಚ್ಚಿ ಬೆಂಚಿನ ಮೇಲೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮೊದಲು ಬಾ ನಿಂತಿದ್ದ ಜಾಗ ಕಾಣಿಸಲಿಲ್ಲ. ಪಾತ್ರೆ ಉಳಿಯಿತು, ಯಾರಿಗೂ ಏನೂ ಆಗಲಿಲ್ಲ. ಅಕ್ಕಪಕ್ಕದ ಕಾರ್ಖಾನೆಯವರು ಸೈರನ್ ಕೇಳಿದೊಡನೆ ತಮ್ಮ ಜನರನ್ನು ಆಚೆ ಕಳಿಸಿದ್ದರು. ಬೇವಿನ ಆ ಬದಿಯ ಎಲೆಗಳು ಮಾತ್ರ ಕೆಲವೇ ದಿನಗಳಲ್ಲಿ ಸುಟ್ಟಂತೆ ಉದುರಿದವು.

ತೊಟ್ಟಿ ತಣ್ಣಗಾಗುವವರೆಗೆ ನಾನು ಅಲ್ಲಿಂದ ಕದಲುವಂತಿರಲಿಲ್ಲ. ಅತ್ತ ಮಸಣದಲ್ಲಿ ನಿಖಿಲ್‌ಭಾಯಿ ಅಗ್ನಿ ಕೊಟ್ಟರು ಎಂದು ಫೋನಿನಲ್ಲಿ ತಿಳಿಯಿತು. ನನಗೆ ಹೋಗಲಾಗಲಿಲ್ಲ. ಸಂಜೆ ಮನೆಗೆ ಹೋದಾಗ ಹೆಂಡತಿ ಸುಧಾ ಬಾಗಿಲಲ್ಲೇ ನೀರಿನ ಬಕೆಟ್ಟು ಇಟ್ಟುಕೊಂಡು ಕೂತಿದ್ದಳು. ‘ಮಸಣಕ್ಕ ಹೋಗಿದ್ರೇನು?’ ಎಂದಳು. ಇಲ್ಲ ಎಂದೆ. ‘ಹಂಗಾದ್ರ ಇದು ಯಾತರ ವಾಸ್ನಿ?’ ಎಂದಳು. ಆಗ ನನಗೆ ಅಳು ಬಂತು. ನನ್ನಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಬೇಸಣು ನಡೆಯಿತು. ಅದು ಇಲ್ಲಿನ ಪದ್ಧತಿ. ಬಿಳಿ ಬಟ್ಟೆ ಉಟ್ಟು ಬಂದು, ತೀರಿಕೊಂಡವರ ಫೋಟೋದ ಮುಂದೆ ಸುಮ್ಮನೆ ಕೂತು ಹೋಗುತ್ತಾರೆ. ರಸಿಕ್‌ಕಾಕಾ ನನ್ನನ್ನು ಕೈಹಿಡಿದು ಮನೆಯವರ ಸಾಲಿನಲ್ಲಿ, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ‘ಅಣ್ಣಗ ಮರ್ಯಾದಿ ಮಾಡಬೇಕು ಅಂತ ಮಾಡಿದೆ’ ಎಂದರು. ‘ಗೊತ್ತೈತಿ ಕಾಕಾ’ ಎಂದೆ. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ವಿಚಾರಣೆಗೆ ಬಂದಾಗ ಅವರು ಸೂರತ್ತಿನಿಂದ ತಾವಾಗಿ ಬಂದು, ಸ್ವಿಚ್ಚು ಬಂದ್ ಮಾಡಿಸಿದ್ದು ತಾನೇ ಎಂದು ಹೇಳಿದರು. ಎಲೆಕ್ಟ್ರಿಷಿಯನ್ನನ ಕೆಲಸ ಉಳಿಯಿತು.

ಕೆಲಸ ನನಗೆ ಕಲಿಸಿದ್ದನ್ನು ಹೇಳಬೇಕೆಂದರೆ ಹೀಗೆ ಹೇಳುತ್ತೇನೆ. ಸೋಮಾರಿತನ, ದುರಾಸೆ, ಅಜ್ಞಾನ, ಇವುಗಳಿಂದ ಅಪಘಾತ ಆಗುತ್ತದೆ ಎಂದು ನಾವು ಬೋರ್ಡು ಬರೆಸಿ ಹಾಕುತ್ತೇವೆ. ಪ್ರೀತಿಯಿಂದಲೂ ಆಗುತ್ತದೆ ಎಂದು ಯಾವ ಬೋರ್ಡೂ ಹೇಳುವುದಿಲ್ಲ. ದುಃಖದಲ್ಲಿ ಬರುವ ಮನುಷ್ಯನಿಗೆ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ. ಏನು ಮಾಡಬಾರದು ಎಂದು ಅವನಿಗೆ ಗೇಟಿನಲ್ಲೇ ಯಾರಾದರೂ ಹೇಳಬೇಕು. ಅಂದಿನಿಂದ ಎರಡನೇ ಶೆಡ್ಡಿನ ಮೇನ್ ಸ್ವಿಚ್ಚಿಗೂ ಬೀಗ ಇದೆ.

ವರ್ಷದ ತಿಥಿಯ ದಿನ ಬಾ ಕಾರ್ಖಾನೆಗೆ ಬಂದರು. ಬೇವು ಚಿಗುರಿತ್ತು. ಬೆಂಚನ್ನು ತೊಳೆಸಿ ಫೋಟೋ ಇಟ್ಟಿದ್ದೆವು. ನಿಖಿಲ್‌ಭಾಯಿ ಹೂ ಹಾಕಿದರು, ಕೆಲಸಗಾರರು ಸಾಲಾಗಿ ನಿಂತರು. ಮನುಷ್ಯರು ಮೌನವಾಗಿದ್ದರು, ಯಂತ್ರಗಳು ಓಡುತ್ತಿದ್ದವು. ಜನ ಚದುರಿದ ಮೇಲೆ ಬಾ ಬೆಂಚಿನ ಮೇಲೆ ಫೋಟೋದ ಪಕ್ಕ ಕೂತರು. ನಾನು ದೂರ ಸರಿದು ನಿಂತೆ. ಅವರು ಎಷ್ಟು ಹೊತ್ತು ಕೂತಿದ್ದರೋ ನೋಡಲಿಲ್ಲ.

ಆಮೇಲೆ ಎದ್ದು ತಾವಾಗಿಯೇ ಎರಡನೇ ಶೆಡ್ಡಿನ ಕಡೆ ನಡೆದರು. ಒಳಗೆ ಬರಲಿಲ್ಲ. ಹೊರಗೋಡೆಗೆ ಅಂಗೈ ಒತ್ತಿ ನಿಂತರು. ಸ್ಟರರ್ ಓಡುವಾಗ ಆ ಗೋಡೆ ಸಣ್ಣಗೆ ನಡುಗುತ್ತದೆ.

‘ಎಷ್ಟೈತಿ?’ ಎಂದು ಕೇಳಿದರು.

‘ಮೂವತ್ತಾರು, ಬಾ.’

‘ಹಾಂ. ನಡಿ, ಚಾ ಕುಡಿಯೋಣ.’